ಅನ್ಯಗ್ರಹದ ನಾಗರಿಕತೆಗಳು: ನೋಡುವವರು, ಬರೆಯುವವರು, ವೇಷ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಶಾಲೆ-ಕಾಲೇಜಿನ ಗ್ಯಾದರಿಂಗ್ ನಾಟಕಕ್ಕೆ, ಕಥಾಸ್ಪರ್ಧೆಗೆ, ಮೊಬೈಲಿನಲ್ಲಿ ತೆಗೆಯುವ ಕಿರುಚಿತ್ರಕ್ಕೆ ಅನ್ಯಗ್ರಹದವರನ್ನು ತರಬೇಕೆನ್ನುವವರಿಗಾಗಿ ಈ ಪುಟ. ದೊಡ್ಡ ದೊಡ್ಡ ಸರಣಿಗಳು ಈ ಕೆಲಸವನ್ನು ಹೇಗೆ ಮಾಡಿವೆ, ಎಲ್ಲಿ ಎಡವಿವೆ, ನಮ್ಮ ಊರಿನ ಸಾಮಾನಿನಲ್ಲಿ ಎಷ್ಟು ಸಾಧ್ಯ ಎನ್ನುವುದಷ್ಟೇ ಇಲ್ಲಿದೆ.

ಟಿವಿ ಸರಣಿಗಳಲ್ಲಿ ಅನ್ಯಗ್ರಹದವರೆಲ್ಲ ಮನುಷ್ಯರಂತೆಯೇ ಇರುತ್ತಾರೆ. ಯಾಕೆ?

ಮೊದಲ ಕಾರಣ ದುಡ್ಡು, ಎರಡನೆಯದು ಮುಖ. 1966ರಲ್ಲಿ ಸ್ಟಾರ್ ಟ್ರೆಕ್ ಶುರುವಾದಾಗ ವಾರಕ್ಕೊಂದು ಕಂತು ಸಿದ್ಧವಾಗಬೇಕಿತ್ತು. ನಟನ ಮುಖಕ್ಕೆ ಗಂಟೆಗಟ್ಟಲೆ ರಬ್ಬರ್ ಅಂಟಿಸುತ್ತ ಕೂರಲು ಸಮಯವೂ ಇಲ್ಲ, ಹಣವೂ ಇಲ್ಲ. ಮೊನಚು ಕಿವಿ, ಓರೆ ಹುಬ್ಬು ಸಾಕೆಂದು ಮುಗಿಸಿದರು. ಇನ್ನು ಮುಖ ಪೂರ್ತಿ ಮುಚ್ಚಿಬಿಟ್ಟರೆ ನಟ ಕಣ್ಣು-ತುಟಿಯಲ್ಲಿ ಏನೂ ಹೇಳಲಾಗುವುದಿಲ್ಲ. ಪ್ರೇಕ್ಷಕನಿಗೆ ಪಾತ್ರದ ಮೇಲೆ ಕರುಣೆ ಹುಟ್ಟಬೇಕಾದರೆ ಕಣ್ಣಾದರೂ ಕಾಣಬೇಕು.

ಈ ಕಟ್ಟು ಮುರಿದವರೂ ಇದ್ದಾರೆ. ಡಾಕ್ಟರ್ ಹೂ ಸರಣಿಯಲ್ಲಿ 1963ರ ಡಿಸೆಂಬರಿನಲ್ಲಿ ಬಂದ ಡಾಲೆಕ್‌ಗಳಿಗೆ ಕಾಲೇ ಇಲ್ಲ. ವಿನ್ಯಾಸ ಮಾಡಿದ ರೇಮಂಡ್ ಕ್ಯುಸಿಕ್ ಒಳಗೆ ಮನುಷ್ಯ ಇದ್ದಾನೆಂಬುದು ಗೊತ್ತೇ ಆಗದ ಆಕಾರ ಕೊಟ್ಟರು. ನಟ ಒಳಗೆ ಕೂತು ಕಾಲಿನಿಂದ ತಳ್ಳಿಕೊಂಡು ಹೋಗುತ್ತಾನೆ. 1999ರ ಫಾರ್‌ಸ್ಕೇಪ್ ಜಿಮ್ ಹೆನ್ಸನ್ ಕಂಪನಿಯ ಬೊಂಬೆಗಳನ್ನೇ ಮುಖ್ಯ ಪಾತ್ರ ಮಾಡಿತು. ಒಂದು ಬೊಂಬೆ ಆಡಿಸಲು ಹಲವರು ಬೇಕಾಗುತ್ತಿದ್ದರು. ಖರ್ಚು ಎಲ್ಲಿಗೆ ಹೋಗುತ್ತದೆಂದು ಅದರಿಂದಲೇ ಅಂದಾಜು ಮಾಡಬಹುದು.

ಕೆಲವರು ಈ ಬಡತನವನ್ನೇ ಕಥೆಯಾಗಿಸಿದರು. ಸ್ಟಾರ್‌ಗೇಟ್ ಸರಣಿಯ ಪ್ರಕಾರ ಬೇರೆ ಬೇರೆ ಗ್ರಹಗಳಲ್ಲಿ ಇರುವವರು ನಿಜಕ್ಕೂ ಮನುಷ್ಯರೇ, ಗೊವಾಲ್ಡ್ ಎಂಬ ಪರಾವಲಂಬಿ ಜೀವಿಗಳು ಸಾವಿರಾರು ವರ್ಷಗಳ ಹಿಂದೆ ಭೂಮಿಯಿಂದ ಗುಲಾಮರಾಗಿ ಹೊತ್ತೊಯ್ದವರು. ಹಾಗಾಗಿ ಒಂದು ಗ್ರಹದಲ್ಲಿ ಈಜಿಪ್ಟಿನ ದೇವರು, ಇನ್ನೊಂದರಲ್ಲಿ ಮಧ್ಯಯುಗದ ಹಳ್ಳಿ ಕಂಡರೂ ತಕರಾರಿಲ್ಲ. ಸ್ಟಾರ್ ಟ್ರೆಕ್ ಮಾತ್ರ 1993ರ ಒಂದು ಕಂತಿನಲ್ಲಿ, ಪುರಾತನ ಜೀವಿಗಳು ಅನೇಕ ಗ್ರಹಗಳಲ್ಲಿ ತಮ್ಮ ಬೀಜ ಬಿತ್ತಿದ್ದವು ಎಂದು ತಡವಾಗಿ ಸಮಜಾಯಿಷಿ ಕೊಟ್ಟಿತು. ಎರಡರಲ್ಲಿ ಸ್ಟಾರ್‌ಗೇಟಿನದೇ ಗಟ್ಟಿ, ಏಕೆಂದರೆ ಅದು ಮೊದಲ ದಿನದಿಂದಲೇ ಕಥೆಯ ತಳಪಾಯದಲ್ಲಿತ್ತು.

ಸ್ಟಾರ್ ಟ್ರೆಕ್‌ನ ಕ್ಲಿಂಗಾನರ ಹಣೆ ನಡುವೆ ಬದಲಾಯಿತಲ್ಲ, ಅದೇನು?

1967ರಲ್ಲಿ ಮೊದಲು ಬಂದಾಗ ಕ್ಲಿಂಗಾನರಿಗೆ ಕಂದು ಬಣ್ಣ, ಗಡ್ಡ, ಅಷ್ಟೇ. 1979ರ ಸಿನಿಮಾಕ್ಕೆ ದುಡ್ಡು ಬಂತು, ಹಣೆಯ ಮೇಲೆ ಏಣುಗಳೂ ಬಂದವು. ಹಳೆಯ ಹಣೆಯ ಮಾತನ್ನು ಬಹುಕಾಲ ಯಾರೂ ಎತ್ತಲಿಲ್ಲ. 1996ರಲ್ಲಿ ಡೀಪ್ ಸ್ಪೇಸ್ ನೈನ್ ಎಂಬ ಸ್ಟಾರ್ ಟ್ರೆಕ್ ಸರಣಿಯ ಕಂತೊಂದರಲ್ಲಿ ವೋರ್ಫ್ ಎಂಬ ಕ್ಲಿಂಗಾನನನ್ನು ಕೇಳಿದಾಗ, ಅದನ್ನು ನಾವು ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಎಂದುಬಿಟ್ಟ. ನಮ್ಮ ಮಟ್ಟಿಗೆ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. 2005ರಲ್ಲಿ ಎಂಟರ್‌ಪ್ರೈಸ್ ಎಂಬ ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ಎರಡು ಕಂತು ಖರ್ಚು ಮಾಡಿ, ವಂಶವಾಹಿ ಪ್ರಯೋಗ ಕೆಟ್ಟು ವೈರಸ್ಸಾಗಿ ಹರಡಿ ಏಣು ಕರಗಿತು ಎಂದು ವಿವರಿಸಿತು. ವೇಷ ಸುಧಾರಿಸಿದ್ದಕ್ಕೆ ಕಥೆಯಲ್ಲಿ ಕಾರಣ ಹುಡುಕುವುದು ಅನಿವಾರ್ಯವಲ್ಲ. ಹುಡುಕಲೇಬೇಕೆಂದಿದ್ದರೆ ಆ ಜನಕ್ಕೆ ಅದರಿಂದ ನಾಚಿಕೆಯೋ ಜಗಳವೋ ಹುಟ್ಟಬೇಕು.

'ಒಂದು ಗ್ರಹ, ಒಂದು ಗುಣ' ಎನ್ನುವ ದೋಷ ಏನು? ತಪ್ಪಿಸುವುದು ಹೇಗೆ?

ಸ್ಟಾರ್ ಟ್ರೆಕ್‌ನಲ್ಲಿ ಕ್ಲಿಂಗಾನರೆಲ್ಲ ಯೋಧರು, ವಲ್ಕನರೆಲ್ಲ ತರ್ಕಬದ್ಧರು, ಫೆರೆಂಗಿಗಳೆಲ್ಲ ಲಾಭಕೋರರು. ಗ್ರಹಗಳದ್ದೂ ಅದೇ ಪಾಡು: ಸ್ಟಾರ್ ವಾರ್ಸ್‌ನಲ್ಲಿ ಟಾಟೂಯಿನ್ ಪೂರ್ತಿ ಮರಳುಗಾಡು, ಹಾತ್ ಪೂರ್ತಿ ಹಿಮ, ಎಂಡೋರ್ ಎಂಬ ಉಪಗ್ರಹ ಪೂರ್ತಿ ಕಾಡು. ಒಂದೂವರೆ-ಎರಡು ಗಂಟೆಯ ಸಿನಿಮಾದಲ್ಲಿ ಪ್ರೇಕ್ಷಕನಿಗೆ ಎಲ್ಲಿದ್ದೇವೆಂದು ತಟ್ಟನೆ ಗೊತ್ತಾಗಲಿ ಎಂದು ಮಾಡಿದ ಉಪಾಯ ಇದು. ಅಲ್ಲಿ ಅದು ನಡೆಯುತ್ತದೆ. ಹತ್ತಾರು ಕಂತು ಎಳೆದಾಗ ಹಳಸುತ್ತದೆ.

ನಮ್ಮ ಜಿಲ್ಲೆಯವರಿಗೆ ಇದು ಎಷ್ಟು ಸುಳ್ಳೆಂದು ಹೇಳಿಕೊಡಬೇಕಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಸುಮಾರು 60 ಕಿಲೋಮೀಟರ್. ಕೆಳಗೆ ಕುಚ್ಚಲಕ್ಕಿ ಗಂಜಿ, ಮೀನು, ಉಪ್ಪಿನಾಗರ, ಬೆವರು. ಮೇಲೆ ಅಡಿಕೆ ತೋಟ, ತಂಬುಳಿ, ಅಪ್ಪೆಹುಳಿ, ರಾತ್ರಿಗೆ ಕಂಬಳಿ. ದಾರಿಯುದ್ದಕ್ಕೂ ಕೊಂಕಣಿ, ಹಾಲಕ್ಕಿಗಳ ಕನ್ನಡ, ಹವ್ಯಕ ಕನ್ನಡ. ಭಟ್ಕಳದ ಕಡೆ ನವಾಯತಿ. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಸಿದ್ದಿಗಳು, ಗೌಳಿಗಳು. ಒಂದೇ ಜಿಲ್ಲೆ ಹೀಗಿರುವಾಗ ಇಡೀ ಗ್ರಹಕ್ಕೆ ಒಂದೇ ಅಂಗಿ, ಒಂದೇ ಊಟ, ಒಂದೇ ಸ್ವಭಾವ ಕೊಡುವುದು ಸೋಮಾರಿತನ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಹೀಗೆ ಮಾಡಿಕೊಳ್ಳಿ. ಆ ಜನ ಯಾವುದಕ್ಕೆ ಹೆಸರುವಾಸಿಯೋ ಅದನ್ನು ಮೇಲೆ ಬರೆಯಿರಿ, ಉದಾಹರಣೆಗೆ ಯುದ್ಧ. ಅದರ ಕೆಳಗೆ ಯುದ್ಧ ಮಾಡದೆಯೇ ಬದುಕುವ ಮೂರು ಕಸುಬು ಬರೆಯಿರಿ: ಕತ್ತಿ ಬಡಿಯುವವ, ಗಾಯ ಹೊಲಿಯುವವಳು, ಸತ್ತವರ ಲೆಕ್ಕ ಇಡುವವ. ಆಮೇಲೆ ಈ ಮೂವರಲ್ಲಿ ಯಾರು ಯಾರನ್ನು ಕೀಳಾಗಿ ನೋಡುತ್ತಾರೆ ಎಂದು ಗೆರೆ ಎಳೆಯಿರಿ. ಕೊನೆಗೆ, ಆ ಊರಲ್ಲಿ ಯುದ್ಧವೇ ಬೇಡ ಎನ್ನುವವನೊಬ್ಬ ಇದ್ದರೆ ಅವನನ್ನು ಏನು ಮಾಡುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನ ನಿಮ್ಮ ಹತ್ತಿರ ಕಥೆ ಇದೆ.

ಇದರಲ್ಲೊಂದು ಹೊಂಡವೂ ಇದೆ. ಎಲ್ಲರಿಗಿಂತ ಬೇರೆಯಾದ 'ಒಳ್ಳೆಯ' ಅನ್ಯಗ್ರಹಿಯೊಬ್ಬನನ್ನು ನಾಯಕನ ಗೆಳೆಯನಾಗಿಸಿ, ಉಳಿದವರನ್ನು ಮೊದಲಿನಂತೆಯೇ ಬಿಡುವುದು. ಅದರಿಂದ ದೋಷ ಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ.

ಕೆಟ್ಟು ಹೋದ ನಾಗರಿಕತೆಯನ್ನು ಆಮೇಲೆ ಸರಿ ಮಾಡಲಾಗುತ್ತದೆಯೆ?

ಆಗುತ್ತದೆ, ತಾಳ್ಮೆ ಬೇಕು. ಫೆರೆಂಗಿಗಳನ್ನು 1987ರಲ್ಲಿ ತಂದದ್ದು ಭಯಂಕರ ಶತ್ರುಗಳೆಂದು. ಕುಪ್ಪಳಿಸುತ್ತ, ಕಿರುಚುತ್ತ ಬಂದವರನ್ನು ನೋಡಿ ಯಾರೂ ಹೆದರಲಿಲ್ಲ. ಶತ್ರುವಿನ ಜಾಗವನ್ನು 1989ರಲ್ಲಿ ಬೋರ್ಗ್ ಎಂಬ ಅರೆಯಂತ್ರ ಜನಾಂಗ ತುಂಬಿತು. ಫೆರೆಂಗಿಗಳು ಬದುಕಿಕೊಂಡದ್ದು ಡೀಪ್ ಸ್ಪೇಸ್ ನೈನ್‌ನಲ್ಲಿ (1993–1999). ಅಲ್ಲಿ ಅವರಿಗೊಂದು ಕುಟುಂಬ ಸಿಕ್ಕಿತು: ಶರಾಬಿನಂಗಡಿ ಇಟ್ಟುಕೊಂಡ ಕ್ವಾರ್ಕ್, ಅವನ ತಮ್ಮ ರೋಮ್, ತಮ್ಮನ ಮಗ ನೋಗ್. ಲಾಭಕ್ಕೆಂದೇ 285 ಸೂತ್ರಗಳ ಶಾಸ್ತ್ರ ಇರುವ ಜನರಲ್ಲಿ ರೋಮ್ 1996ರ ಒಂದು ಕಂತಿನಲ್ಲಿ ಅಣ್ಣನ ಅಂಗಡಿಯ ನೌಕರರ ಸಂಘ ಕಟ್ಟಿ ಮುಷ್ಕರ ಹೂಡುತ್ತಾನೆ. ಮಗ ವ್ಯಾಪಾರ ಬಿಟ್ಟು ಸ್ಟಾರ್‌ಫ್ಲೀಟ್ ಎಂಬ ಬಾಹ್ಯಾಕಾಶ ಪಡೆ ಸೇರುತ್ತಾನೆ. ಫೆರೆಂಗಿಗಳ ಮೂಲಗುಣವನ್ನು ಯಾರೂ ಅಳಿಸಲಿಲ್ಲ, ಅದರ ಜೊತೆ ಮನೆಯೊಳಗೇ ಜಗಳ ತಂದಿಟ್ಟರು.

ಅನ್ಯಗ್ರಹದವರೆಲ್ಲ ಇಂಗ್ಲಿಷ್ ಮಾತಾಡುತ್ತಾರಲ್ಲ. ನಮ್ಮ ನಾಟಕದಲ್ಲಿ ಅವರು ಕನ್ನಡ ಮಾತಾಡಬಹುದೆ?

ಧಾರಾಳವಾಗಿ. ಯಾವ ಉಪಾಯವೆಂದು ಮೊದಲೇ ತೀರ್ಮಾನಿಸಿ, ಕೊನೆಯವರೆಗೆ ಅದನ್ನೇ ಹಿಡಿಯಿರಿ.

ಸ್ಟಾರ್ ಟ್ರೆಕ್‌ನಲ್ಲಿ ಅನುವಾದಕ ಯಂತ್ರ. ಡಾಕ್ಟರ್ ಹೂನಲ್ಲಿ ಟಾರ್ಡಿಸ್ ನೌಕೆಯೇ ಪ್ರಯಾಣಿಕರ ತಲೆಯೊಳಗೆ ಅನುವಾದ ಮಾಡಿಕೊಡುತ್ತದೆ. ಫಾರ್‌ಸ್ಕೇಪ್‌ನಲ್ಲಿ ಅನುವಾದಕ ಸೂಕ್ಷ್ಮಜೀವಿಗಳನ್ನು ಚುಚ್ಚುತ್ತಾರೆ. 1994ರ ಸ್ಟಾರ್‌ಗೇಟ್ ಸಿನಿಮಾದಲ್ಲಿ ಭಾಷಾತಜ್ಞ ಕಷ್ಟಪಟ್ಟು ಪ್ರಾಚೀನ ಈಜಿಪ್ಟಿನ ಭಾಷೆ ಬಿಡಿಸುತ್ತಾನೆ. 1997ರಲ್ಲಿ ಸರಣಿಯಾದಾಗ, ಪ್ರತಿ ವಾರ ಅರ್ಧ ಕಂತು ಭಾಷೆ ಕಲಿಯುವುದರಲ್ಲೇ ಹೋದರೆ ಕಥೆ ಯಾವಾಗ ಎಂದು ಎಲ್ಲರ ಬಾಯಿಗೂ ಇಂಗ್ಲಿಷ್ ಕೊಟ್ಟುಬಿಟ್ಟರು. ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ.

ವೇದಿಕೆಗೆ ಎಲ್ಲಕ್ಕಿಂತ ಅನುಕೂಲ ಸ್ಟಾರ್ ವಾರ್ಸ್ ಹಾದಿ. ಚ್ಯೂಬಾಕಾ ತನ್ನ ಭಾಷೆಯಲ್ಲಿ ಗುರುಗುಡುತ್ತಾನೆ, ಹಾನ್ ಸೋಲೋ ತನ್ನ ಭಾಷೆಯಲ್ಲಿ ಉತ್ತರಿಸುತ್ತಾನೆ, ಇಬ್ಬರಿಗೂ ಅರ್ಥವಾಗುತ್ತದೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಒಬ್ಬರು ಕೊಂಕಣಿಯಲ್ಲಿ ದರ ಹೇಳಿ ಇನ್ನೊಬ್ಬರು ಕನ್ನಡದಲ್ಲಿ ಚೌಕಾಸಿ ಮಾಡಿದ ಹಾಗೆ. ಪ್ರೇಕ್ಷಕನಿಗೆ ಅನ್ಯಗ್ರಹಿ ಏನೆಂದನೆಂಬುದು ಮನುಷ್ಯಪಾತ್ರದ ಉತ್ತರದಿಂದಲೇ ತಿಳಿಯಬೇಕು. 'ಏನು, ನಾಳೆಯೇ ಹೊರಡಬೇಕಾ?' ಎಂದರೆ ಮುಗಿಯಿತು. ಹೀಗೆ ಬರೆದಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಪ್ರತಿ ಮಾತನ್ನೂ ಗಿಳಿಯಂತೆ ತಿರುಗಿ ಹೇಳುವುದು. ನಾಲ್ಕರಲ್ಲಿ ಒಂದಕ್ಕೆ ಸಾಕು, ಉಳಿದದ್ದು ಕೈಸನ್ನೆಯಲ್ಲಿ ಹೋಗಲಿ.

ಭಾಷೆಯನ್ನೇ ಕಥೆ ಮಾಡುವುದಾದರೆ ಎರಡು ಮಾದರಿ ನೋಡಲೇಬೇಕು. 1991ರ ಸ್ಟಾರ್ ಟ್ರೆಕ್ ಕಂತೊಂದರಲ್ಲಿ ಟಮೇರಿಯನ್ ಜನ ತಮ್ಮ ಪುರಾಣದ ಪ್ರಸಂಗಗಳ ಹೆಸರು ಹೇಳಿಯೇ ಮಾತಾಡುತ್ತಾರೆ. ಯಂತ್ರ ಒಂದೊಂದು ಶಬ್ದವನ್ನೂ ಅನುವಾದಿಸುತ್ತದೆ, ಆದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಇನ್ನೊಂದು 2016ರ ಅರೈವಲ್. ಅಲ್ಲಿನ ಏಳು ಕಾಲಿನ ಜೀವಿಗಳು ಇಡೀ ವಾಕ್ಯವನ್ನು ಒಂದೇ ಸಲಕ್ಕೆ ಮಸಿಯ ವೃತ್ತವಾಗಿ ಬರೆಯುತ್ತವೆ. ಆ ಬರಹ ಕಲಿತವಳಿಗೆ ಕಾಲದ ಅನುಭವವೇ ಬದಲಾಗುತ್ತದೆ.

ಹೊಸ ಭಾಷೆಯನ್ನೇ ಕಟ್ಟಬೇಕೆಂದರೆ?

ಪೂರ್ತಿ ಕಟ್ಟುವುದು ವರ್ಷಗಳ ಕೆಲಸ. ಕ್ಲಿಂಗಾನ್ ಭಾಷೆಯ ಮೊದಲ ಕೆಲವು ಮಾತುಗಳನ್ನು 1979ರ ಸಿನಿಮಾಕ್ಕೆ ನಟ ಜೇಮ್ಸ್ ಡೂಹನ್ ಹೊಂದಿಸಿದರು. 1984ರ ಸಿನಿಮಾಕ್ಕೆ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ವ್ಯಾಕರಣ ಕಟ್ಟಿದರು. ಅದರಲ್ಲಿ ವಾಕ್ಯ ಕರ್ಮದಿಂದ ಶುರುವಾಗಿ, ಕ್ರಿಯಾಪದ ನಡುವೆ ಬಂದು, ಕರ್ತೃವಿನಲ್ಲಿ ಮುಗಿಯುತ್ತದೆ. ಭೂಮಿಯ ಭಾಷೆಗಳಲ್ಲಿ ತೀರಾ ಅಪರೂಪದ ಕ್ರಮವೆಂದೇ ಅದನ್ನು ಆರಿಸಿದ್ದು. 2009ರ ಅವತಾರ್‌ಗೆ ಪಾಲ್ ಫ್ರಾಮರ್ ಅಲ್ಲಿನ ನಾವಿ ಎಂಬ ಜನರ ಭಾಷೆ ಕಟ್ಟಿದರು. ನಾವಿಗಳಿಗೆ ಕೈಗೆ ನಾಲ್ಕೇ ಬೆರಳು, ಆದ್ದರಿಂದ ಅವರ ಎಣಿಕೆ ಎಂಟರ ಗುಂಪಿನಲ್ಲಿ.

ಅರ್ಧ ಗಂಟೆಯ ನಾಟಕಕ್ಕೆ ಅಷ್ಟೆಲ್ಲ ಬೇಡ. ಹನ್ನೆರಡು ವ್ಯಂಜನ, ನಾಲ್ಕು ಸ್ವರ ಆರಿಸಿ. ಕನ್ನಡದ ಬಾಯಿಗೆ ಸಹಜವಾದ ಒಂದೆರಡು ವ್ಯಂಜನಗಳನ್ನು ಬೇಕೆಂದೇ ಬಿಡಿ, ಉದಾಹರಣೆಗೆ 'ಮ', 'ಪ', 'ಬ' ಇಲ್ಲದ ಭಾಷೆ. ತುಟಿ ಇಲ್ಲದ ಜೀವಿಗೆ ಅದು ಒಪ್ಪುತ್ತದೆ, ಮುಖವಾಡದೊಳಗಿನ ನಟನಿಗೂ ತುಟಿ ಮುಚ್ಚುವ ಕಷ್ಟವಿಲ್ಲ. ಮೂವತ್ತು ಶಬ್ದ ಮಾಡಿ, ಊರು ಮತ್ತು ಜನರ ಹೆಸರುಗಳನ್ನು ಆ ಅಕ್ಷರಗಳಿಂದಲೇ ಕಟ್ಟಿ. ಹೆಸರುಗಳಲ್ಲಿ ಒಂದೇ ನಾದ ಬಂದರೆ ಪ್ರೇಕ್ಷಕ ಉಳಿದ ಭಾಷೆಯನ್ನು ನಂಬಿಬಿಡುತ್ತಾನೆ. 'ಕ್ಷ್ರ್‌ಝ್' ತರಹ ಉಚ್ಚರಿಸಲಾಗದ ಹೆಸರು ಬೇಡ, ಪ್ರದರ್ಶನದ ದಿನ ನಟನೇ ತಡವರಿಸುತ್ತಾನೆ.

ಒಂದು ಎಚ್ಚರಿಕೆ. ಹತ್ತಿರದ ಯಾವುದೇ ಸಮುದಾಯದ ಆಡುನುಡಿಯನ್ನು ತಿರುಚಿ ಅನ್ಯಗ್ರಹದವರ ಬಾಯಿಗೆ ಹಾಕಬೇಡಿ. ಸ್ಟಾರ್ ವಾರ್ಸ್‌ನ ಹಟ್ ಎಂಬ ಜನರ ಭಾಷೆಯ ನಾದ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಿಂದ ಬಂದದ್ದು, ಆ ಭಾಷಿಕರು ಇರುವುದು ದೂರದಲ್ಲಿ. ನಿಮ್ಮ ನಾಟಕಕ್ಕೆ ಬರುವವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. 1999ರಲ್ಲಿ ಅದೇ ಸರಣಿಯ ಕೆಲವು ಪಾತ್ರಗಳ ಉಚ್ಚಾರ ಏಷ್ಯಾದವರನ್ನೂ ಕೆರಿಬಿಯನ್ ಜನರನ್ನೂ ಅಣಕಿಸಿದಂತಿದೆ ಎಂದು ದೊಡ್ಡ ಟೀಕೆಯೇ ಬಂತು.

ದೇಹದಿಂದ ಶುರು ಮಾಡಿ ಎನ್ನುತ್ತಾರೆ. ಅಂದರೇನು?

ಮೊದಲು ಗ್ರಹ, ಆಮೇಲೆ ದೇಹ, ಆಮೇಲೆ ಮನೆ, ಕೊನೆಗೆ ರಾಜಕೀಯ. ಬಹಳ ಜನ ರಾಜನಿಂದ ಶುರು ಮಾಡುತ್ತಾರೆ, ಅಲ್ಲಿಗೆ ಅದು ಕಿರೀಟ ಹಾಕಿದ ಮನುಷ್ಯರ ಕಥೆಯಾಗುತ್ತದೆ.

ಈ ಕ್ರಮವನ್ನು ಶಿಸ್ತಾಗಿ ಪಾಲಿಸಿದ್ದು 2021ರ ಪ್ರಾಜೆಕ್ಟ್ ಹೇಲ್ ಮೇರಿ ಕಾದಂಬರಿ. ಅಲ್ಲಿನ ಜೀವಿಗಳ ಗ್ರಹದಲ್ಲಿ ಅಮೋನಿಯಾದ ವಾತಾವರಣ, ಭೂಮಿಯ 29 ಪಟ್ಟು ಒತ್ತಡ, 210 ಡಿಗ್ರಿ ಸೆಲ್ಸಿಯಸ್ ಶಾಖ. ಅಷ್ಟು ದಟ್ಟ ಗಾಳಿಯ ತಳಕ್ಕೆ ಬೆಳಕು ಇಳಿಯುವುದಿಲ್ಲ. ಬೆಳಕಿಲ್ಲವೆಂದರೆ ಕಣ್ಣಿಲ್ಲ, ಎಲ್ಲವೂ ಶಬ್ದದಿಂದ. ಕೈಯಲ್ಲಿ ಮೂರು ಬೆರಳು, ಎಣಿಕೆ ಆರರ ಗುಂಪಿನಲ್ಲಿ. ಗಟ್ಟಿ ವಸ್ತುಗಳನ್ನು ತಯಾರಿಸುವುದರಲ್ಲಿ ನಮಗಿಂತ ಮುಂದಿರುವ ಈ ಜನ ವಿಕಿರಣದ ವಿಷಯವೇ ಗೊತ್ತಿಲ್ಲದೆ ಬಾಹ್ಯಾಕಾಶಕ್ಕೆ ಹೊರಟು ಸಾಯುತ್ತಾರೆ. ಗಾಳಿಯ ಒತ್ತಡದ ಅಂಕಿಯೊಂದರಿಂದ ದುರಂತದವರೆಗೆ ಎಲ್ಲೂ ಎಳೆ ಕಡಿದಿಲ್ಲ.

ಎಳೆ ಕಡಿದ ಉದಾಹರಣೆ ಬೇಕೆಂದರೆ ಅವತಾರ್. ನಾವಿಗಳ ನೆಲೆಯಾದ ಪಂಡೋರಾದ ಹೆಚ್ಚಿನ ದೊಡ್ಡ ಪ್ರಾಣಿಗಳಿಗೆ ಆರು ಕೈಕಾಲು, ಮೈಮೇಲೆ ಉಸಿರುಗಂಡಿ. ನಾವಿಗಳಿಗೆ ಮಾತ್ರ ನಾಲ್ಕೇ ಕೈಕಾಲು, ನಮ್ಮಂಥ ಮೂಗು. ತೋಳುಗಳು ಅರ್ಧ ಕೂಡಿಕೊಂಡ ಕೋತಿಯಂಥ ಪ್ರಾಣಿಯೊಂದನ್ನು ತೋರಿಸಿ, ಆರು ನಾಲ್ಕಾದದ್ದು ಹೀಗೆ ಎಂಬ ಸುಳಿವು ಕೊಟ್ಟಿದ್ದಾರೆ. ನಿಜವಾದ ಕಾರಣ ಅದಲ್ಲ. ಪ್ರೇಮಕಥೆಯ ನಾಯಕಿಗೆ ಮುಖ ಬೇಕಿತ್ತು.

ಗಾತ್ರದ ಲೆಕ್ಕವನ್ನೂ ಮರೆಯಬೇಡಿ. ಜೀವಿಯನ್ನು ಎಲ್ಲಾ ದಿಕ್ಕಿನಲ್ಲಿ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟು, ಎಲುಬಿನ ಅಡ್ಡಗಾತ್ರ ನಾಲ್ಕೇ ಪಟ್ಟು ಆಗುತ್ತದೆ. ಇರುವೆಯನ್ನು ಆನೆಯಷ್ಟು ಮಾಡಿದರೆ ಕಾಲು ಮುರಿದು ಬೀಳುತ್ತದೆ. ಗುರುತ್ವ ಹೆಚ್ಚಿದ್ದರೆ ಗಿಡ್ಡ, ದಪ್ಪ ಕಾಲು. ಕಡಿಮೆಯಿದ್ದರೆ ಉದ್ದಕ್ಕೆ ಬೆಳೆಯಲು ಅವಕಾಶ.

ನಮ್ಮ ಕಾಡು-ಕಡಲಿನ ಜೀವಿಗಳನ್ನು ಮಾದರಿಯಾಗಿ ತೆಗೆದುಕೊಳ್ಳಬಹುದೆ?

ಅದಕ್ಕಿಂತ ಒಳ್ಳೆಯ ಗಣಿ ಬೇರೆ ಇಲ್ಲ. ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡಗಳ ಕೆಲವು ಜಾತಿಯಲ್ಲಿ ಬೀಜ ತಾಯಿಮರದಲ್ಲೇ ಮೊಳೆತು ಉದ್ದನೆಯ ಕೋಲಾಗಿ ನೇತಾಡಿ, ಆಮೇಲೆ ಕೆಸರಿಗೆ ಬೀಳುತ್ತದೆ. ಆಕ್ಟೋಪಸ್‌ನ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ತೋಳುಗಳಲ್ಲೇ ಇವೆ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯನ್ನು ತೆಗೆದುಕೊಳ್ಳೋಣ, ದಾಂಡೇಲಿ ಕಾಡಿನಲ್ಲಿ ಕಾಣುವಂಥದ್ದು. ಹೆಣ್ಣು ಮರದ ಪೊಟರೆ ಹೊಕ್ಕು ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತು ರೆಕ್ಕೆಯ ಗರಿ ಉದುರಿಸುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಸೀಳಿನಿಂದ ಉಣಿಸುತ್ತದೆ. ಇದನ್ನು ನಾಗರಿಕತೆಯಾಗಿ ಬೆಳೆಸಿ ನೋಡಿ. ಅವರ ಮನೆಗೆ ಬಾಗಿಲಿರುವುದಿಲ್ಲ, ಸೀಳಿರುತ್ತದೆ. ನಂಬಿಕೆಯೇ ಅವರ ದೊಡ್ಡ ಧರ್ಮ, ಏಕೆಂದರೆ ಹೊರಗಿನವನು ಬಾರದಿದ್ದರೆ ಒಳಗಿನವರು ಸತ್ತರು. ಅತಿ ದೊಡ್ಡ ಅಪರಾಧ ಕೊಲೆಯಲ್ಲ, ಹಣ್ಣು ತರಲು ಹೋದವನು ತಿರುಗಿ ಬಾರದಿರುವುದು. ಹಾಗಾದರೆ ದಾರಿಯಲ್ಲಿ ಸತ್ತವನನ್ನೂ ಅಪರಾಧಿಯೆನ್ನುತ್ತಾರೆಯೆ? ಸಂದರ್ಶನಕ್ಕೆ ಬಂದ ಮನುಷ್ಯ ಗೌರವದಿಂದ ಬಾಗಿಲು ದೊಡ್ಡದು ಮಾಡಿಕೊಡುತ್ತೇನೆ ಎಂದರೆ ಏನಾಗುತ್ತದೆ? ಗಂಡು-ಹೆಣ್ಣಿನ ಅಧಿಕಾರ ಯಾರ ಕೈಯಲ್ಲಿ, ಒಳಗಿರುವವಳದ್ದೋ ಹೊರಗಿರುವವನದ್ದೋ? ಈ ಜನಕ್ಕೆ ಕೊಕ್ಕು ಅಂಟಿಸುವ ಅಗತ್ಯವೂ ಇಲ್ಲ. ಅಂಟಿಸಿದರೆ ಕೆಡುತ್ತದೆ, ಪ್ರೇಕ್ಷಕ 'ಓ, ಹಕ್ಕಿ' ಎಂದು ಅಲ್ಲಿಗೇ ಬಿಡುತ್ತಾನೆ.

ಯಕ್ಷಗಾನದ ರಾಕ್ಷಸವೇಷವನ್ನೇ ಅನ್ಯಗ್ರಹಿಗೆ ಹಾಕಿದರೆ?

ಹಾಕಬೇಡಿ. ಬಡಗುತಿಟ್ಟಿನ ಬಣ್ಣದ ವೇಷ ಕಂಡ ಕೂಡಲೇ ನಮ್ಮ ಕಡೆಯ ಪ್ರೇಕ್ಷಕ ಘಟೋತ್ಕಚನನ್ನೋ ಶೂರ್ಪನಖಿಯನ್ನೋ ನೋಡುತ್ತಾನೆ, ನಿಮ್ಮ ಗ್ರಹ ಮರೆತೇ ಹೋಗುತ್ತದೆ. ವೇಷ ಬಿಟ್ಟು ವ್ಯವಸ್ಥೆ ತೆಗೆದುಕೊಳ್ಳಿ. ತೆರೆಯ ಹಿಂದೆ ನಿಂತು ಮೊದಲು ಕಾಲು, ಆಮೇಲೆ ಕಿರೀಟದ ತುದಿ, ಕೊನೆಗೆ ಮುಖ ತೋರಿಸುವ ಪ್ರವೇಶ ಅನ್ಯಗ್ರಹಿಗೆ ಹೇಳಿ ಮಾಡಿಸಿದ್ದು. ಚಂಡೆಯ ಪೆಟ್ಟಿಗೆ ತಕ್ಕ ನಡಿಗೆಯೂ ಹಾಗೆಯೇ, ಮನುಷ್ಯರಂತೆ ನಡೆಯದಿದ್ದರೆ ಅರ್ಧ ವೇಷ ಮುಗಿದಂತೆ.

ಅದಕ್ಕಿಂತ ದೊಡ್ಡ ಪಾಠ ತಾಳಮದ್ದಲೆಯದು. ಅಲ್ಲಿ ವೇಷವೇ ಇಲ್ಲ, ಮಾತಿನಿಂದಲೇ ರಾವಣ ಎದ್ದು ಬರುತ್ತಾನೆ, ತನ್ನ ಪಕ್ಷವನ್ನು ಪೂರ್ತಿ ವಾದಿಸುತ್ತಾನೆ. ಒಳ್ಳೆಯ ಅರ್ಥಧಾರಿ ಕೂತರೆ ಹತ್ತು ನಿಮಿಷ ನೀವೂ ಅವನ ಕಡೆಗೇ. ಅನ್ಯಗ್ರಹದ ಪಾತ್ರಕ್ಕೆ ಆ ಹತ್ತು ನಿಮಿಷ ಕೊಟ್ಟವರು ಕಡಿಮೆ. 1967ರ ಸ್ಟಾರ್ ಟ್ರೆಕ್ ಕಂತೊಂದು ಕೊಟ್ಟಿತು: ಗಣಿ ಕಾರ್ಮಿಕರನ್ನು ಕೊಲ್ಲುತ್ತಿದ್ದ ಹೋರ್ಟಾ ಎಂಬ ಸಿಲಿಕಾನ್ ಜೀವಿ ತಾಯಿಯೆಂದೂ, ಕಾರ್ಮಿಕರು ಒಡೆಯುತ್ತಿದ್ದ ಗುಂಡುಗಳು ಅದರ ಮೊಟ್ಟೆಗಳೆಂದೂ ಕೊನೆಗೆ ತಿಳಿಯುತ್ತದೆ. ನಟ ಯಾನೋಸ್ ಪ್ರೊಹಾಸ್ಕ ಹೊದಿಕೆಯೊಂದರ ಒಳಗೆ ತೆವಳಿಕೊಂಡು ಮಾಡಿದ ಪಾತ್ರ. ಮುಖವಿಲ್ಲ, ಬಾಯಿಲ್ಲ, ಆದರೂ ಕರುಳು ಚುರ್ರೆನ್ನುತ್ತದೆ.

ಹಣೆಯ ಏಣು ಅಥವಾ ತಲೆಯ ಚಿಪ್ಪು ಮಾಡಲು ಕಡಿಮೆ ಖರ್ಚಿನ ಹಾದಿ?

ಅಡಿಕೆ ಹಾಳೆ. ಹಗುರ, ಗಟ್ಟಿ, ಶಿರಸಿ-ಸಿದ್ದಾಪುರದ ಕಡೆ ತೋಟದಲ್ಲಿ ಬಿದ್ದೇ ಇರುತ್ತದೆ.

ಈಚೆಗೆ ಬಿದ್ದ, ಬೂಸ್ಟು ಹಿಡಿಯದ, ಅಗಲವಾದ ಹಾಳೆ ಆರಿಸಿ. ಎರಡೂ ಬದಿ ಉಜ್ಜಿ ತೊಳೆದು 30ರಿಂದ 40 ನಿಮಿಷ ನೀರಿನಲ್ಲಿ ಮುಳುಗಿಸಿಡಿ. ಹಾಳೆ ತೇಲುತ್ತದೆ, ಮೇಲೊಂದು ಕಲ್ಲು ಹೇರಿ. ಬಗ್ಗಿಸಿದಾಗ ಚಟ್ ಎನ್ನದಿದ್ದರೆ ಹದ ಬಂತು. ಕಾಗದದಲ್ಲಿ ಕತ್ತರಿಸಿದ ಅಳತೆಯನ್ನು ಇಟ್ಟು, ಸುತ್ತ ಒಂದೂವರೆ ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಒಣಗಿದಾಗ ಕುಗ್ಗುತ್ತದೆ. ನಟನ ತಲೆಯಷ್ಟೇ ಸುತ್ತಳತೆಯ ಮಡಕೆ ಬೋರಲಿಟ್ಟು ಹಾಳೆಯನ್ನು ಬಟ್ಟೆಪಟ್ಟಿಯಿಂದ ಬಿಗಿಯಿರಿ. ತೆಂಗಿನ ಹಗ್ಗ ಬೇಡ, ಗುರುತು ಉಳಿಯುತ್ತದೆ. ಮೊದಲ ದಿನ ನೆರಳಲ್ಲಿ, ಮರುದಿನ ಬಿಸಿಲಲ್ಲಿ ಒಣಗಿಸಿ. ನೇರ ಬಿಸಿಲಿಗಿಟ್ಟರೆ ನಾರಿನ ಉದ್ದಕ್ಕೆ ಸೀಳುತ್ತದೆ.

ಹಣೆಯ ಏಣುಗಳಿಗೆ 5 ಮಿಲಿಮೀಟರ್ ದಪ್ಪದ ಫೋಮ್ ಶೀಟನ್ನು ಪಟ್ಟಿ ಕತ್ತರಿಸಿ ಅಂಟಿಸಿ. ಅದರ ಮೇಲೆ ಮೈದಾ ಅಂಟಿನಲ್ಲಿ ಎರಡು ಪದರ ಪತ್ರಿಕೆ ಕಾಗದ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹಣೆಗೆ ತಾಗುವ ಕಡೆ ಹತ್ತಿಬಟ್ಟೆಯೊಳಗೆ ತೆಳು ಸ್ಪಂಜು ಹೊಲಿಯಿರಿ, ಇಲ್ಲದಿದ್ದರೆ ಹಾಳೆಯ ಅಂಚು ಚರ್ಮ ಕೊಯ್ಯುತ್ತದೆ. ಇಡೀ ಚಿಪ್ಪು 200 ಗ್ರಾಂ ಒಳಗಿರಲಿ. ಅದಕ್ಕಿಂತ ಭಾರವಾದರೆ ನಟ ತಲೆ ಅಲ್ಲಾಡಿಸುವುದನ್ನೇ ನಿಲ್ಲಿಸುತ್ತಾನೆ, ಪಾತ್ರಕ್ಕೆ ಕುತ್ತಿಗೆ ಹಿಡಿದಂತೆ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾ ಅಂಟು ಒಣಗುವ ಮೊದಲೇ ಬೂಸ್ಟು ಬರುತ್ತದೆ. ಅಂಟಿಗೆ ಚೂರು ಮೈಲುತುತ್ತ ಹಾಕಿ ಎನ್ನುವವರಿದ್ದಾರೆ. ಅದು ವಿಷ, ಮುಖಕ್ಕೆ ತಾಗುವ ವಸ್ತುವಿಗೆ ಬೇಡವೇ ಬೇಡ. ಅಡಿಕೆ ಡ್ರೈಯರ್ ಇರುವ ಮನೆಯಲ್ಲಿ ಸಣ್ಣ ಶಾಖದಲ್ಲಿಡಿ, ಅಥವಾ ಒಲೆಯ ಮೇಲಿನ ಅಟ್ಟದಲ್ಲಿ. ಹೊಗೆವಾಸನೆ ಸ್ವಲ್ಪ ಉಳಿಯುತ್ತದೆ, ಸಹಿಸಿಕೊಳ್ಳಬೇಕು.

ಮುಖದ ಬಣ್ಣ, ಅಂಟು?

ಮುಖಕ್ಕೆಂದೇ ಮಾಡಿದ ಪ್ಯಾನ್‌ಕೇಕ್ ಬಣ್ಣ ಮಾತ್ರ. ಪೋಸ್ಟರ್ ಬಣ್ಣ, ಬಟ್ಟೆ ಬಣ್ಣ, ಮರದ ಅಂಟು ಚರ್ಮಕ್ಕೆ ಹಚ್ಚಬಾರದು. ಹಿಂದಿನ ದಿನವೇ ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ 24 ಗಂಟೆ ನೋಡಿ. ಕಾರವಾರದ ಸೆಖೆಯಲ್ಲಿ ಸ್ಪಿರಿಟ್ ಗಮ್ ಬೆವರಿಗೆ ಬಿಡುತ್ತದೆ. ಅಂಟಿನ ಮೇಲೆ ಭಾರ ಹಾಕದೆ, ತಲೆಯ ಹಿಂದೆ ಎಲಾಸ್ಟಿಕ್ ಕಟ್ಟಿ ಅಂಚನ್ನಷ್ಟೇ ಅಂಟಿಸಿ. ಹಸಿರು ಬಣ್ಣ ಬಿಟ್ಟರೆ ಬೇರೆ ಯೋಚನೆ ಬಾರದಿದ್ದರೆ ಬಣ್ಣವೇ ಬೇಡ.

ಧ್ವನಿ ಬದಲಾಯಿಸುವುದು?

ಡಾಲೆಕ್ ಧ್ವನಿ ರಿಂಗ್ ಮಾಡ್ಯುಲೇಟರ್ ಎಂಬ ಉಪಕರಣದ್ದು. ಚ್ಯೂಬಾಕಾನದ್ದು ಧ್ವನಿ ವಿನ್ಯಾಸಕ ಬೆನ್ ಬರ್ಟ್ ಕರಡಿ, ವಾಲ್ರಸ್ ಮುಂತಾದ ಪ್ರಾಣಿಗಳ ಕೂಗು ಬೆಸೆದು ಮಾಡಿದ್ದು. ಕಿರುಚಿತ್ರಕ್ಕಾದರೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಶ್ರುತಿಯನ್ನು 15ರಿಂದ 20 ಶೇಕಡಾ ಇಳಿಸಿ, ಅದರ ಕೆಳಗೆ ಮೂಲ ಧ್ವನಿಯನ್ನು ಮೆಲ್ಲಗೆ ಬೆರೆಸಿ. ಪೂರ್ತಿ ಇಳಿಸಿದರೆ ಮಾತು ತಿಳಿಯುವುದಿಲ್ಲ. ವಾಕ್ಯ ಆರು ಪದ ಮೀರದಿರಲಿ. ನಾಟಕದಲ್ಲಿ ಇದೆಲ್ಲ ಕೈಕೊಡುತ್ತದೆ, ನಟನಿಗೆ ಬೇರೆ ಲಯದಲ್ಲಿ ಮಾತಾಡಲು ಕಲಿಸುವುದೇ ಸರಿ.

ಕಿರುಚಿತ್ರಕ್ಕೆ ಬೇರೆ ಗ್ರಹದಂತೆ ಕಾಣುವ ಜಾಗ?

ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳು, ಅವುಗಳಲ್ಲಿ ಭೈರವೇಶ್ವರ ಶಿಖರ ಸುಮಾರು 120 ಮೀಟರ್. ಬೇಸಿಗೆಯಲ್ಲಿ ಗೋಕರ್ಣ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರ: ಬೆಳಿಗ್ಗೆ ಏಳರ ಒಳಗೆ ಮುಗಿಸಿ, ಆಮೇಲೆ ಬಿಳಿಯ ಹೊಳಪಿಗೆ ಮೊಬೈಲ್ ಕ್ಯಾಮೆರಾ ಮುಖಗಳನ್ನು ಕಪ್ಪಾಗಿಸುತ್ತದೆ. ಯಾಣಕ್ಕೆ ಅರಣ್ಯ ಇಲಾಖೆಯ ಅನುಮತಿ, ಆಗರಕ್ಕೆ ಅಲ್ಲಿನವರ ಒಪ್ಪಿಗೆ ಮೊದಲೇ ಪಡೆಯಿರಿ. ಯಾಣದಲ್ಲಿ ದೇವಸ್ಥಾನವಿದೆ, ರಾಕ್ಷಸ ಮುಖವಾಡ ಹಾಕಿಕೊಂಡು ಭಕ್ತರ ನಡುವೆ ಓಡಾಡಬೇಡಿ. ಕಾರವಾರದ ನೌಕಾನೆಲೆ, ಕೈಗಾ ಸುತ್ತ ಡ್ರೋನ್ ಯೋಚನೆ ಬಿಟ್ಟುಬಿಡಿ.

ಯಾವಾಗಲೂ ಆಕ್ರಮಣದ ಕಥೆಯೇ ಯಾಕೆ?

ಬರೆದವರು ಆಕ್ರಮಣ ಮಾಡಿದ ದೇಶದವರಾಗಿದ್ದರು. ಎಚ್. ಜಿ. ವೆಲ್ಸ್ 1898ರ ದಿ ವಾರ್ ಆಫ್ ದಿ ವರ್ಲ್ಡ್ಸ್‌ನ ಮೊದಲ ಅಧ್ಯಾಯದಲ್ಲೇ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನವರು ಅಳಿಸಿದ್ದನ್ನು ನೆನಪಿಸಿ, ಮಂಗಳದವರನ್ನು ದೂರಲು ನಮಗೇನು ಹಕ್ಕು ಎಂದು ಕೇಳುತ್ತಾರೆ. ಅವರನ್ನು ಅನುಕರಿಸಿದ ಬಹುಪಾಲು ಸಿನಿಮಾಗಳು ಮೂರು ಕಾಲಿನ ಯಂತ್ರ ಇಟ್ಟುಕೊಂಡು ಈ ಪ್ರಶ್ನೆ ಬಿಟ್ಟವು. 2009ರ ಡಿಸ್ಟ್ರಿಕ್ಟ್ 9 ಅದನ್ನು ತಿರುಗಿಸಿ ಅನ್ಯಗ್ರಹದವರನ್ನೇ ಜೊಹಾನ್ಸ್‌ಬರ್ಗಿನ ಶಿಬಿರದಲ್ಲಿ ನಿರಾಶ್ರಿತರನ್ನಾಗಿಸಿತು. ಅಲ್ಲಿ ಅಧಿಕಾರಿ ಮನೆಮನೆಗೆ ಹೋಗಿ ಎತ್ತಂಗಡಿ ಕಾಗದಕ್ಕೆ ಸಹಿ ಕೇಳುವ ದೃಶ್ಯವಿದೆ.

ಸೂಪಾ ಅಣೆಕಟ್ಟು, ಕೈಗಾ, ಸೀಬರ್ಡ್ ಯೋಜನೆಗಳಿಗೆ ಊರು ಬಿಟ್ಟವರಿರುವ ಜಿಲ್ಲೆಯ ಬರಹಗಾರರಿಗೆ ಆ ದೃಶ್ಯ ಬರೆಯಲು ಬೇರೆ ಗ್ರಹಕ್ಕೆ ಹೋಗಬೇಕಿಲ್ಲ. ಬರೆಯುವಾಗ ಅವತಾರ್ ಮಾಡಿದ್ದನ್ನು ಮಾಡಬೇಡಿ: ಹೊರಗಿನಿಂದ ಬಂದವನೇ ಆ ಜನರ ನಾಯಕನಾಗಿ ಅವರಿಗಿಂತ ಚೆನ್ನಾಗಿ ಹಕ್ಕಿ ಏರುವುದು.

ವಿಜ್ಞಾನ ಎಷ್ಟಿರಬೇಕು?

ದೂರದ ಲೆಕ್ಕವೊಂದು ಸರಿಯಿರಲಿ. ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ರೇಡಿಯೋದಲ್ಲಿ ಪ್ರಶ್ನೆ ಕೇಳಿ ಉತ್ತರ ಬರಲು ಎಂಟೂವರೆ ವರ್ಷ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುವ ವಾಯೇಜರ್ 1ರ ವೇಗದಲ್ಲಿ ಅಷ್ಟು ದೂರಕ್ಕೆ ಸುಮಾರು 75,000 ವರ್ಷ. ಬೆಳಕನ್ನು ಮೀರಿದ ವೇಗ ಬೇಕೆಂದರೆ ಇಟ್ಟುಕೊಳ್ಳಿ, ಅದಕ್ಕೊಂದು ಬೆಲೆಯನ್ನೂ ಕಟ್ಟಿ.

ಅಂದಹಾಗೆ, 1977ರಲ್ಲಿ ಹಾರಿದ ವಾಯೇಜರ್‌ಗಳ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಒಂದು. ಭಾರತದಿಂದ ಹೋದ ಸಂಗೀತ ಕೇಸರ್‌ಬಾಯಿ ಕೇರ್ಕರ್ ಹಾಡಿದ 'ಜಾತ್ ಕಹಾಂ ಹೋ'. ಅವರು ನಮ್ಮ ಪಕ್ಕದ ಗೋವೆಯವರು. ಕಾರವಾರದಲ್ಲಿ ನಡೆಯುವ ಕಥೆಗೆ ಅನ್ಯಗ್ರಹಿ ಈ ಹಾಡು ಗುನುಗುತ್ತ ಬಂದರೆ ಒಪ್ಪುತ್ತದೆ. ಇದನ್ನು ಇನ್ನೂ ಯಾರಾದರೂ ಬರೆಯಬೇಕು.

ಭಾರತೀಯ ಉದಾಹರಣೆಗಳು?

ಸತ್ಯಜಿತ್ ರಾಯ್ 1962ರಲ್ಲಿ ಬರೆದ 'ಬಂಕುಬಾಬುರ್ ಬಂಧು' ಬಂಗಾಳದ ಹಳ್ಳಿಗೆ ಸ್ನೇಹದಿಂದ ಬರುವ ಅನ್ಯಗ್ರಹಿಯ ಕಥೆ. ಹಾಲಿವುಡ್‌ಗೆಂದು ಅವರು ಬರೆದ 'ದಿ ಏಲಿಯನ್' ಚಿತ್ರಕಥೆ ಸಿನಿಮಾ ಆಗಲೇ ಇಲ್ಲ. 2003ರ ಕೋಯಿ ಮಿಲ್ ಗಯಾ, 2014ರ ಪಿಕೆ ಎರಡರಲ್ಲೂ ಕಥೆ ನಡೆಯುವುದು ಒಬ್ಬ ಅನ್ಯಗ್ರಹಿಯ ಸುತ್ತ. ಅವನ ಊರು, ಮನೆ, ಜಗಳ ನಮಗೆ ಕಾಣುವುದೇ ಇಲ್ಲ. ಪಾತ್ರ ಇದೆ, ನಾಗರಿಕತೆ ಇಲ್ಲ.

ಮಕ್ಕಳಿಗೆ ಯಾವುದರಿಂದ ಶುರು ಮಾಡಿಸಬೇಕು?

ಮೇಲೆ ಹೇಳಿದ ಹೋರ್ಟಾ ಕಂತು, ಆಮೇಲೆ ಟಮೇರಿಯನ್ ಕಂತು. ಹೈಸ್ಕೂಲು ದಾಟಿದವರಿಗೆ ಅರೈವಲ್. ಡಿಸ್ಟ್ರಿಕ್ಟ್ 9, 1979ರ ಏಲಿಯನ್ ಮಕ್ಕಳಿಗಲ್ಲ.

ಸಾವಿರದೈನೂರು ಪದಗಳ ಕಥೆಗೆ ಎಷ್ಟು ವಿವರ ಹಾಕಬೇಕು?

ಹತ್ತು ಪುಟ ಟಿಪ್ಪಣಿ ಮಾಡಿ, ಮೂರು ವಿವರ ಬಳಸಿ: ಏನು ತಿನ್ನುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ, ಯಾವ ಮಾತಿಗೆ ಸಿಟ್ಟು ಬರುತ್ತದೆ. ಮೂರೂ ಘಟನೆಯೊಳಗೆ ಬರಲಿ, ಪಾತ್ರವೊಂದು ಪಾಠದಂತೆ ಒಪ್ಪಿಸುವುದು ಬೇಡ. 'ನಿಮಗೆ ಗೊತ್ತಿರುವಂತೆ, ನಮ್ಮ ಗ್ರಹದಲ್ಲಿ' ಎಂದು ಶುರುವಾಗುವ ಸಂಭಾಷಣೆ ಕಂಡರೆ ಆ ವಾಕ್ಯವನ್ನು ಅಳಿಸಿ. ಮೊದಲ ಪುಟದಲ್ಲಿ ಹೊಸ ಹೆಸರು ನಾಲ್ಕಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಎರಡನೇ ಪುಟಕ್ಕೆ ದೂಡಿ. ಕಥೆಯನ್ನು ವಿಜ್ಞಾನ ಕಥೆ ಓದದ ಒಬ್ಬರಿಗೆ ಓದಿ ಹೇಳಿ, ಅವರು ಎಲ್ಲಿ ತಡೆದು 'ಅದು ಯಾಕೆ ಹಾಗೆ?' ಎಂದು ಕೇಳುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಟಿಪ್ಪಣಿಯಲ್ಲಿ ಉತ್ತರ ಇದ್ದರೆ ಒಂದು ವಾಕ್ಯ ಸೇರಿಸಿ, ಇಲ್ಲದಿದ್ದರೆ ಆ ಭಾಗವನ್ನು ಹೊಸದಾಗಿ ಕಟ್ಟಬೇಕು.